ಶ್ರೀ ತಾಮ್ರದ ಬಾಟಲಿಯವರಿಗೆ ಬಿನ್ನವತ್ತಳೆ

ಮಾನ್ಯ ತಾಮ್ರದ ಬಾಟಲಿಯವರೇ,

ಬಡಾವಣೆಯ ಉದ್ಯಾನದಲ್ಲಿ ಬೆಳಗಿನ ಜಾವ ಕೈ ಬೀಸಿ ನಡೆಯುವ ಬಳಗದವರು, ಯೋಗ ತರಗತಿಯ ಸಾಧಕರು, ಗೃಹಪ್ರವೇಶಕ್ಕೆ ಏನು ಕೊಡುವುದೆಂದು ತೋಚದೆ ಕೊನೆಗೆ ತಮ್ಮನ್ನೇ ಕೊಟ್ಟ ಬಂಧುಗಳು, ಹಾಗೆ ಬಂದ ತಮ್ಮನ್ನು ಡಬ್ಬ ಬಿಚ್ಚದೆ ಮುಂದಿನ ಗೃಹಪ್ರವೇಶಕ್ಕೆ ದಾಟಿಸಿದ ಮತ್ತಷ್ಟು ಬಂಧುಗಳು, ಇವರೆಲ್ಲರ ಪರವಾಗಿ ಅಭಿನಂದನಾ ಸಮಿತಿಯು ಈ ಬಿನ್ನವತ್ತಳೆಯನ್ನು ತಮಗೆ ಒಪ್ಪಿಸುತ್ತಿದೆ. ಪದ್ಧತಿಯಂತೆ ಶಾಲು, ಹಾರ, ಫಲತಾಂಬೂಲ ಎಲ್ಲವೂ ಉಂಟು. ಶಾಲು ತಮ್ಮ ನುಣುಪಾದ ಹೆಗಲಿನಿಂದ ಜಾರುತ್ತಿದೆ, ಕ್ಷಮಿಸಬೇಕು. ಸನ್ಮಾನಿತರ ಕೈಗೆ ಕೊಡಬೇಕಾದ ನಿಂಬೆಹಣ್ಣನ್ನು ಮಾತ್ರ ತಮಗೆ ಕೈ ಇಲ್ಲದ ಕಾರಣ ನೇರವಾಗಿ ಹೊಟ್ಟೆಗೇ ಹಿಂಡಿದ್ದೇವೆ.

ತಮ್ಮದು ದೊಡ್ಡ ಮನೆತನ. ಬಚ್ಚಲಮನೆಯ ಹಂಡೆ, ಬಾವಿಕಟ್ಟೆಯ ಕೊಡ, ಅಡುಗೆಮನೆಯ ಬಿಂದಿಗೆ, ಸಂಧ್ಯಾವಂದನೆಯ ಪಂಚಪಾತ್ರೆ ಉದ್ಧರಣೆ ಎಲ್ಲರೂ ತಮ್ಮ ಹಿರಿಯರೇ. ಚಿತ್ರದುರ್ಗದ ಇಂಗಳದಾಳಿನ ಗಣಿಯಲ್ಲಿ ತಮ್ಮ ಕುಲದವರನ್ನು ನೆಲದಿಂದ ಅಗೆದು ತೆಗೆದ ನಾಡು ನಮ್ಮದು. ಆದರೂ ಆ ಹಿರಿಯರಿಗೆ ಸಿಗದ ಸ್ವಾತಂತ್ರ್ಯ ತಮಗೆ ಸಿಕ್ಕಿದೆ ಎಂಬುದನ್ನು ಇಲ್ಲಿ ನೆನೆಯಲೇಬೇಕು. ಹಳೆಯ ಮನೆಗಳಲ್ಲಿ ತಾಮ್ರವನ್ನು ನಂಬುತ್ತಿದ್ದರು, ಆದರೆ ಒಂದು ಕಣ್ಣಿಟ್ಟೇ ನಂಬುತ್ತಿದ್ದರು. ಕುಡಿಯುವ ನೀರಿಗೆ ತಾಮ್ರದ ಕೊಡ; ಮಜ್ಜಿಗೆಗೆ ಮಣ್ಣಿನ ಗಡಿಗೆ; ಹುಳಿ, ಗೊಜ್ಜು, ಉಪ್ಪಿನಕಾಯಿಗೆ ಕಲ್ಲುಮರಿಗೆ ಅಥವಾ ಜಾಡಿ. ಕೊಡವನ್ನು ದಿನಾ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ತೊಳೆದು, ಹೊಸ ನೀರು ತುಂಬಬೇಕು. ನಿನ್ನೆಯ ಕೊಡಕ್ಕೆ ಇವತ್ತಿನ ನೀರು ಸುರಿದ ಸೊಸೆಗೆ ಅತ್ತೆಯಿಂದ ಮಂಗಳಾರತಿ ತಪ್ಪುತ್ತಿರಲಿಲ್ಲ. ಒಲೆಯೇರುವ ಪಾತ್ರೆಗಂತೂ ಕಲಾಯಿ ಆಗಲೇಬೇಕು. ಕಲಾಯಿಯವನು ಬೀದಿಯ ಮರದಡಿ ಕುಳಿ ತೋಡಿ, ತಿದಿಯೊತ್ತಿ, ಕಾದ ಪಾತ್ರೆಗೆ ನವಸಾಗರ ಎರಚಿ, ತವರ ಮುಟ್ಟಿಸಿ, ಹತ್ತಿಯಿಂದ ಒಳಗೆಲ್ಲ ಸವರಿದರೆ ಕೆಂಪು ಹೊಟ್ಟೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತಿತ್ತು. ಆ ತೆಳು ಪದರದ ಕೆಲಸ ಒಂದೇ: ತಾಮ್ರ ಅನ್ನಕ್ಕೆ ಇಳಿಯದಂತೆ ತಡೆಯುವುದು. ತಮ್ಮಂಥ ಕೊಡುಗೈ ದಾನಿಯ ಅಜ್ಜಂದಿರಿಗೆ ಕೈಕೋಳ ತೊಡಿಸಿದ ಕಾಲ ಅದು.

ಆ ಕತ್ತಲೆಯ ಯುಗ ಮುಗಿಯಿತು. ತಮಗೆ ಕಲಾಯಿ ಇಲ್ಲ. ತಮ್ಮ ಬಾಯಿ ಎಷ್ಟು ಕಿರಿದೆಂದರೆ ತಿಕ್ಕುವವರ ಕೈ ಮಣಿಕಟ್ಟಿಗೇ ನಿಲ್ಲುತ್ತದೆ. ಹೊರಮೈಗೆ ಹಚ್ಚಿದ ಮಿರುಗುವ ಲೇಪದಿಂದ ತಾವು ವರ್ಷವಾದರೂ ಮದುವಣಗಿತ್ತಿಯಂತೆ ಹೊಳೆಯುತ್ತೀರಿ. ಒಳಗೆ ಹಸಿರು ಕಿಲುಬು ಕಟ್ಟಿದೆಯೇ ಇಲ್ಲವೇ ಎಂಬುದು ತಮ್ಮ ಖಾಸಗಿ ವಿಚಾರ. ಅದರಲ್ಲಿ ತಲೆ ಹಾಕುವ ದುಷ್ಟಬುದ್ಧಿ ನಮ್ಮಲ್ಲಿ ಯಾರಿಗೂ ಇಲ್ಲ.

ತಮ್ಮ ಸಾಧನೆಯನ್ನು ಅನುಮಾನಿಸುವವರ ಬಾಯಿ ಮುಚ್ಚಿಸಲು ನಮ್ಮ ಬೆಂಗಳೂರಿನಲ್ಲೇ ಒಂದು ಪ್ರಮಾಣಪತ್ರ ಸಿಕ್ಕಿದೆ. ಯಲಹಂಕದ ಬಳಿಯ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಸಂಶೋಧಕರು ಕುಡಿಯುವ ನೀರಿಗೆ ಬೇಕೆಂದೇ ರೋಗಾಣು ಬೆರೆಸಿ ತಾಮ್ರದ ಪಾತ್ರೆಯಲ್ಲಿ 16 ತಾಸು ಇಟ್ಟರು. ಕಾಲರಾ ತರುವ ವಿಬ್ರಿಯೊ, ಆಮಶಂಕೆಯ ಶಿಗೆಲ್ಲಾ, ಸಾಲ್ಮೊನೆಲ್ಲಾ, ಇ-ಕೋಲಿ ಒಂದೂ ಉಳಿದಿರಲಿಲ್ಲ. 2012ರಲ್ಲಿ ಪ್ರಕಟವಾದ ಈ ಕೆಲಸ ನಿಜವಾದ ಕೆಲಸ. ನಲ್ಲಿಯಲ್ಲಿ ಶುದ್ಧ ನೀರು ಬಾರದ ಮನೆಗೆ ಇದು ದೊಡ್ಡ ಮಾತು. ನೀರಿಗೆ ಇಳಿದ ತಾಮ್ರ ಲೀಟರಿಗೆ 177 ಮೈಕ್ರೋಗ್ರಾಂ, ಅಂದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 2 ಮಿಲಿಗ್ರಾಂ ಮಿತಿಯ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಈ ಪ್ರಮಾಣಪತ್ರಕ್ಕೆ ನಾವು ಕಟ್ಟು ಹಾಕಿಸಿದ್ದೇವೆ. ಕಟ್ಟು ಸ್ವಲ್ಪ ಚಿಕ್ಕದಾಯಿತು, ಆದ್ದರಿಂದ ಕೆಲವು ಸಂಗತಿಗಳು ಅಂಚಿನಿಂದ ಹೊರಗುಳಿದವು: ಅದು ಬರಿಯ ನೀರು, ಪಿಎಚ್ ಎಂಟರ ಆಸುಪಾಸಿನದು, ಒಂದು ರಾತ್ರಿಯದು. ಅದರಲ್ಲಿ ನಿಂಬೆ ಇರಲಿಲ್ಲ, ಜೇನು ಇರಲಿಲ್ಲ, ಕಾರಿನ ಸೀಟಿನ ಮೇಲೆ ಮೂರು ದಿನ ಬಿಸಿಲು ಕಾದ ಪುಣ್ಯವೂ ಇರಲಿಲ್ಲ. ಥೈರಾಯ್ಡ್, ಮಂಡಿನೋವು, ಬೊಜ್ಜು, ಸುಕ್ಕು ಇವುಗಳ ಹೆಸರನ್ನು ಆ ಸಂಶೋಧಕರು ಎತ್ತಲೇ ಇಲ್ಲ. ಆ ಕೊರತೆಯನ್ನು ತಮ್ಮ ಜೊತೆ ಬರುವ ಬಣ್ಣದ ಚೀಟಿ ತುಂಬಿಕೊಟ್ಟಿದೆ.

ಈಗ ತಮ್ಮ ಮುಖ್ಯ ಗುಣಕ್ಕೆ ಬರುತ್ತೇವೆ. ಅದು ದಾನಶೂರತೆ. ಕರ್ಣನಾದರೂ ಕೇಳಿದ ಮೇಲೆ ಕವಚ ಬಿಚ್ಚಿಕೊಟ್ಟ. ತಾವು ಕೇಳದವರಿಗೂ ಮೈಯನ್ನೇ ಕರಗಿಸಿ ಕೊಡುತ್ತೀರಿ. ಕೊಡುವ ಅಳತೆ ನೀರಿನ ಗುಣ ನೋಡಿ. ಸುಣ್ಣದ ಅಂಶವಿರುವ ಗಡಸು ನೀರು ಬಂದರೆ ಕೈ ಬಿಗಿ. ನೀರು ಮೆದುವಾಗಿ, ಪಿಎಚ್ ಆರೂವರೆಗಿಂತ ಕೆಳಗಿಳಿದರೆ ಕೈ ಸಡಿಲ. ಬಿಸಿಯಾದರೆ ಇನ್ನೂ ಧಾರಾಳ, ಹೊತ್ತು ಕಳೆದಷ್ಟೂ ಧಾರಾಳ. ಹುಳಿ ಹಿಂಡುವವರನ್ನು ಲೋಕವೆಲ್ಲ ದೂರ ಇಡುತ್ತದೆ. ತಾವೊಬ್ಬರೇ ಅಂಥವರಿಗೆ ಎರಡು ಪಾಲು ಹೆಚ್ಚಾಗಿ ಕೊಡುವವರು. ನಿಂಬೆರಸದ ಪಿಎಚ್ ಎರಡು ಮೂರರ ನಡುವೆ. ಕಪ್ಪಾದ ತಾಮ್ರವನ್ನು ನಿಂಬೆಯ ಹೋಳಿನಿಂದ ತಿಕ್ಕಿದರೆ ಯಾಕೆ ಥಳಥಳ ಹೊಳೆಯುತ್ತದೆ ಎಂಬುದು ಪಾತ್ರೆ ತೊಳೆದವರಿಗೆಲ್ಲ ಗೊತ್ತು: ಮೇಲಿನ ಪದರ ಕರಗಿ ರಸದ ಜೊತೆ ಹೋಗುತ್ತದೆ. ತೊಳೆಯುವಾಗ ಅದನ್ನು ಬಚ್ಚಲಿಗೆ ಚೆಲ್ಲುತ್ತೇವೆ. ಅದನ್ನೇ ಬಾಟಲಿಯೊಳಗೆ ಮಾಡಿದರೆ 'ಡಿಟಾಕ್ಸ್' ಎಂದು ಕರೆದು ಬರಿಹೊಟ್ಟೆಗೆ ಕುಡಿಯುತ್ತೇವೆ. ಕುಡಿದ ಮೇಲೆ ಹೊಟ್ಟೆ ತೊಳಸಿ, ಓಕರಿಕೆ ಬಂದರೆ ಕಲ್ಮಶ ಹೊರಗೆ ಹೋಗುತ್ತಿದೆ ಎಂದು ಸಮಾಧಾನಪಡುತ್ತೇವೆ. ಇಷ್ಟು ನಂಬಿಕೆಯ ಭಕ್ತರು ಬೇರೆ ಯಾವ ಪಾತ್ರೆಗಿದ್ದಾರೆ?

ದಾನಕ್ಕೆ ಅಡ್ಡಗಾಲು ಹಾಕುವ ಜಿಪುಣರು ಎಲ್ಲ ಕಾಲದಲ್ಲೂ ಇರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 2 ಮಿಲಿಗ್ರಾಂ ಸಾಕು ಎಂದಿತು. ಅಮೆರಿಕ 1.3ಕ್ಕೇ ಕೈ ಮೇಲೆತ್ತಿತು. ನಮ್ಮ ಭಾರತೀಯ ಮಾನಕ ಸಂಸ್ಥೆಯದು ಎಲ್ಲರಿಗಿಂತ ಬಿಗಿ ಮುಷ್ಟಿ: ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ 0.05 ಮಿಲಿಗ್ರಾಂ ಒಪ್ಪತಕ್ಕದ್ದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸತಕ್ಕದ್ದು. ದೇಹಕ್ಕೆ ತಾಮ್ರ ಬೇಕೇ ಬೇಕು ಎಂಬುದನ್ನು ಈ ಜಿಪುಣರೂ ಒಪ್ಪುತ್ತಾರೆ. ರಕ್ತ ಕೂಡಲು, ನರ ನಡೆಯಲು, ಮೂಳೆ ಗಟ್ಟಿಯಾಗಲು ಅದು ಬೇಕು. ಆದರೆ ಬೇಕಾದದ್ದು ದಿನಕ್ಕೆ ಒಂದೆರಡು ಮಿಲಿಗ್ರಾಂ, ಅದನ್ನು ಎಳ್ಳು, ಕಡಲೆ, ಬೇಳೆ, ಗೋಡಂಬಿ ಸದ್ದಿಲ್ಲದೆ ಕೊಟ್ಟು ಹೋಗುತ್ತವೆ ಎಂದು ಅವರ ವಾದ. ಎಳ್ಳಿನ ಚಿಗಳಿಗೆ ಶಾಲು ಹೊದಿಸುವವರು ಯಾರು? ಅದಕ್ಕೆ ಗಿಫ್ಟ್ ಪ್ಯಾಕಿಂಗೂ ಇಲ್ಲ, ಚೀಟಿಯೂ ಇಲ್ಲ.

ತಮ್ಮ ಕುಟುಂಬದ ಹೊಸ ಕುಡಿ, ತಾಮ್ರ ಬೆರೆಸುವ ಆರ್‌ಓ ಯಂತ್ರವನ್ನು ಮರೆತರೆ ಈ ಪತ್ರ ಅಪೂರ್ಣವಾದೀತು. ಮೊದಲು ನೀರಿನಲ್ಲಿದ್ದ ಸುಣ್ಣ, ಮೆಗ್ನೀಸಿಯಂ, ತಾಮ್ರ ಎಲ್ಲವನ್ನೂ ಪೊರೆಯಿಂದ ಸೋಸಿ ತೆಗೆಯುವುದಕ್ಕೆ ದುಡ್ಡು. ಅದರಲ್ಲಿ ತಾಮ್ರವನ್ನು ಒಂದು ಕೊಳವೆಯಿಂದ ವಾಪಸು ಹಾಕುವುದಕ್ಕೆ ಇನ್ನಷ್ಟು ದುಡ್ಡು. ಒಂದೇ ಯಂತ್ರ ಎಡಗೈಯಿಂದ ಕಸಿದುಕೊಂಡು ಬಲಗೈಯಿಂದ ದಾನ ಮಾಡುವುದನ್ನು ಅರ್ಥಶಾಸ್ತ್ರ ಬಲ್ಲವರೂ ಮೆಚ್ಚಬೇಕು. ಇಲ್ಲಿಗೆ ಮುಗಿಯಲಿಲ್ಲ. ಸೋಸಿದ ನೀರು ಮೆದು, ತುಸು ಆಮ್ಲೀಯ. ಲೋಹದ ಮೇಲೆ ಅದಕ್ಕೆ ವಿಪರೀತ ಹಸಿವು. ಅಂಥ ನೀರನ್ನು ಶುದ್ಧವೆಂದು ತಂದು ತಮ್ಮೊಳಗೆ ತುಂಬಿ ರಾತ್ರಿಯಿಡೀ ಇಡುವ ಮನೆಗಳೂ ಇವೆ. ಹಸಿದ ನೀರಿಗೆ ದಾನಿಯ ಮನೆಯೇ ಸಿಕ್ಕ ಮೇಲೆ ಮುಂದಿನದನ್ನು ಹೇಳಬೇಕಾಗಿಲ್ಲ.

ವಿದೇಶದಲ್ಲೂ ತಮ್ಮ ಕುಲಕ್ಕೆ ಗೌರವ ಕಡಿಮೆಯಿಲ್ಲ. ಅಮೆರಿಕದಲ್ಲಿ ನೆಲೆಸಿದ ನಮ್ಮವರ ಎಷ್ಟೋ ಮನೆಗಳ ಗೋಡೆಯೊಳಗೆ ನೀರು ಹರಿಯುವುದು ತಾಮ್ರದ ಕೊಳವೆಯಲ್ಲೇ. ಅಲ್ಲಿನ ಸರ್ಕಾರ 1991ರಲ್ಲಿ ಸೀಸ ಮತ್ತು ತಾಮ್ರಕ್ಕೆಂದೇ ಒಂದು ಕಾನೂನು ಮಾಡಿತು. ಅದರಂತೆ ನಲ್ಲಿ ಮುಟ್ಟದೆ ಕನಿಷ್ಠ ಆರು ತಾಸು ಬಿಟ್ಟು, ಮೊದಲು ಬಂದ ನೀರನ್ನು ಹಿಡಿದು ಪರೀಕ್ಷೆಗೆ ಒಯ್ಯುತ್ತಾರೆ. ನಿಂತ ನೀರಿಗೇ ಹೆಚ್ಚು ತಾಮ್ರ ಇಳಿಯುತ್ತದೆ ಎಂಬ ಗುಮಾನಿ ಅವರಿಗೆ. ಅವರಿಗೆ ಆರು ತಾಸು ನಿಂತ ನೀರು ಆರೋಪಿ, ನಮಗೆ ಅದೇ ನೀರು ತೀರ್ಥ. ಅಲ್ಲಿನ ಮನೆಯವರು ಬೆಳಗ್ಗೆ ನಲ್ಲಿಯನ್ನು ತುಸು ಹರಿಯಬಿಟ್ಟು, ಅಡುಗೆಗೂ ಕುಡಿಯಲಿಕ್ಕೂ ತಣ್ಣೀರನ್ನೇ ಹಿಡಿಯಬೇಕೆಂದು ಹೇಳುತ್ತಾರೆ. ಸಿಂಕಿನಲ್ಲಿ ನೀಲಿ-ಹಸಿರು ಕಲೆ ಬಿದ್ದರೆ ನೀರು ಪರೀಕ್ಷೆ ಮಾಡಿಸುತ್ತಾರೆ. ಸ್ವೀಡನ್ನಿನ ಆಂಡರ್ಸ್‌ಲೋವ್ ಎಂಬ ಊರಿನಲ್ಲಿ 2011ರಲ್ಲಿ ಹೊಂಬಣ್ಣದ ಕೂದಲಿನ ಕೆಲವರ ತಲೆ ಹಸಿರಾಯಿತು. ಹೊಸ ಮನೆಗಳ ಕೊಳವೆಯಲ್ಲಿ ರಾತ್ರಿ ನಿಂತ ಬಿಸಿನೀರಿಗೆ ಇಳಿದ ತಾಮ್ರ ಅದಕ್ಕೆ ಕಾರಣ ಎಂದರು. ನಮ್ಮ ಕರಿಗೂದಲಿನ ಮೇಲೆ ಅಂಥ ಗುರುತು ಕಾಣದಿರುವುದರಿಂದ ತಮ್ಮ ಕೀರ್ತಿಗೆ ಇಲ್ಲಿ ಕುಂದಿಲ್ಲ. ಇನ್ನು ಅಮೆರಿಕದ ಅಯೋವಾ ರಾಜ್ಯ 2017ರಲ್ಲಿ, ನಿಂಬೆರಸ ಬೆರೆಸಿದ ಮಾಸ್ಕೋ ಮ್ಯೂಲ್ ಎಂಬ ಮದ್ಯವನ್ನು ಬರಿ ತಾಮ್ರದ ಲೋಟದಲ್ಲಿ ಕೊಡಬಾರದೆಂದು ಮದ್ಯದಂಗಡಿಗಳಿಗೆ ತಾಕೀತು ಮಾಡಿತು. ಪಿಎಚ್ ಆರಕ್ಕಿಂತ ಕೆಳಗಿನ ಯಾವುದೇ ಪದಾರ್ಥಕ್ಕೆ ತಾಮ್ರ ತಾಗಬಾರದು ಎಂಬುದು ಅವರ ನಿಯಮ. ಕುಡುಕರ ಬಗ್ಗೆ ಅವರು ತೋರಿದ ಕಾಳಜಿಯನ್ನು ನಾವು ಯೋಗ ತರಗತಿಯವರ ಬಗ್ಗೆ ತೋರಿಲ್ಲ. ಸಾಧಕರ ಶಕ್ತಿಯ ಮೇಲೆ ನಮಗೆ ಅಷ್ಟು ಭರವಸೆ.

ಮಲೆನಾಡಿನವರ ಕೃತಜ್ಞತೆಯನ್ನೂ ಇಲ್ಲೇ ಸಲ್ಲಿಸುತ್ತೇವೆ. ಅಡಿಕೆಯ ಕೊಳೆರೋಗಕ್ಕೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಸಾಹೇಬರು ಬೋರ್ಡೋ ದ್ರಾವಣವನ್ನು ಹೇಳಿಕೊಟ್ಟು ನೂರು ವರ್ಷ ದಾಟಿತು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಮೈಲುತುತ್ತ ಎಂದರೆ ತಾವೇ, ಗಂಧಕಾಮ್ಲದ ಸಹವಾಸದಲ್ಲಿ ನೀಲಿಗಟ್ಟಿದವರು. ಮಳೆ ಹಿಡಿಯುವ ಮೊದಲು ಗೊನೆಗೆ ಹೊಡೆದರೆ ರೋಗದ ಬೂಜು ಸಾಯುತ್ತದೆ. ಬೂಜನ್ನು ಕೊಲ್ಲುವ ಶಕ್ತಿಯೂ ರೋಗಾಣುವನ್ನು ಕೊಲ್ಲುವ ಶಕ್ತಿಯೂ ಬೇರೆಬೇರೆಯಲ್ಲ. ಆ ತೋಟದವರು ದ್ರಾವಣ ಹದಕ್ಕೆ ಬಂತೋ ಇಲ್ಲವೋ ನೋಡಲು ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದುತ್ತಾರೆ. ಚಾಕು ಕೆಂಪಾದರೆ ತಾಮ್ರ ಇನ್ನೂ ಬಿಡಿಯಾಗಿದೆ, ಮತ್ತಷ್ಟು ಸುಣ್ಣ ಬೇಕು ಎಂದರ್ಥ. ಬಾವಿಕಟ್ಟೆಯ ಹತ್ತಿರ ದ್ರಾವಣದ ಡ್ರಮ್ಮು ತೊಳೆಯಬಾರದೆಂಬ ತಿಳಿವಳಿಕೆಯೂ ಜಾಣ ತೋಟಿಗರಿಗುಂಟು. ಅಡಿಕೆ ಮರಕ್ಕೆ ಕೊಡುವ ಮುನ್ನ ಚಾಕು ಅದ್ದಿ ನೋಡುವ ನಾಡಿನಲ್ಲಿ ಮಕ್ಕಳಿಗೆ ಕೊಡುವ ನೀರಿನಲ್ಲಿ ಯಾರೂ ಏನನ್ನೂ ಅದ್ದಿ ನೋಡುವುದಿಲ್ಲ. ತಮ್ಮ ಮೇಲಿನ ವಿಶ್ವಾಸಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಮಕ್ಕಳ ಮಾತು ಬಂತು. ಮುಂದಿನ ಸಂಗತಿಯನ್ನು ಬಿನ್ನವತ್ತಳೆಯಲ್ಲಿ ಸೇರಿಸಬೇಕೋ ಬೇಡವೋ ಎಂದು ಸಮಿತಿಯಲ್ಲಿ ಬಹಳ ಚರ್ಚೆಯಾಯಿತು. ಸನ್ಮಾನಿತರ ಜೀವನಚರಿತ್ರೆಯಲ್ಲಿ ಕೆಲವು ಪುಟ ಹಾರಿಸುವುದು ರೂಢಿ. ಆದರೆ ಕಾರ್ಯದರ್ಶಿಗಳು ಹಟ ಹಿಡಿದರು. ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಆರು ತಿಂಗಳಿಂದ ನಾಲ್ಕೈದು ವರ್ಷದೊಳಗಿನ ಮಕ್ಕಳ ಯಕೃತ್ತು ಕಲ್ಲಾಗುವ ಒಂದು ಕಾಯಿಲೆ ಇತ್ತು. ವೈದ್ಯರು ಅದನ್ನು ಭಾರತೀಯ ಬಾಲ್ಯ ಸಿರೋಸಿಸ್ ಎನ್ನುತ್ತಿದ್ದರು. ಬಂದ ಮಕ್ಕಳಲ್ಲಿ ಉಳಿದವರು ಕಡಿಮೆ. ಆ ಮಕ್ಕಳ ಯಕೃತ್ತಿನಲ್ಲಿ ತಾಮ್ರ ತುಂಬಿತ್ತು. 1980ರ ದಶಕದಲ್ಲಿ ಪುಣೆಯ ವೈದ್ಯರು ಮನೆಮನೆಯ ಅಡುಗೆಕೋಣೆ ಹೊಕ್ಕು ವಿಚಾರಿಸಿದಾಗ ಕಂಡದ್ದು, ಕಲಾಯಿ ಇಲ್ಲದ ಹಿತ್ತಾಳೆ ಮತ್ತು ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಟ್ಟ ಹಾಲು. ಹಾಲಿನ ಪ್ರೋಟೀನು ತಾಮ್ರವನ್ನು ಬಾಚಿ ಹಿಡಿದುಕೊಳ್ಳುತ್ತದೆ. ಪಾತ್ರೆ ಬದಲಾಯಿತು, ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಆಸ್ಟ್ರಿಯಾದ ಟಿರೋಲ್ ಬೆಟ್ಟಸೀಮೆಯಲ್ಲೂ 1900ರಿಂದ 1974ರ ನಡುವೆ ಇಂಥದೇ ಕಾಯಿಲೆಯಿಂದ 138 ಶಿಶುಗಳು ತೀರಿಕೊಂಡ ಲೆಕ್ಕ ಸಿಕ್ಕಿದೆ. ಅಲ್ಲೂ ಹಸುವಿನ ಹಾಲು, ಅಲ್ಲೂ ಕಲಾಯಿ ಇಲ್ಲದ ತಾಮ್ರದ ಪಾತ್ರೆ. ತಾಮ್ರ ಕುಡಿದ ಎಲ್ಲ ಮಕ್ಕಳಿಗೂ ಅದು ಬರಲಿಲ್ಲ. ಹುಟ್ಟಿನಿಂದಲೇ ಅದಕ್ಕೆ ಈಡಾಗುವ ದೇಹ ಇದ್ದವರಿಗೆ ಬಂತು ಎಂದು ಟಿರೋಲಿನ ವೈದ್ಯರು ಊಹಿಸಿದರು. ತಾಮ್ರದ ಪಾತ್ರೆಯಲ್ಲಿ ಹಾಲು ನಿಷಿದ್ಧ ಎಂದು ನಮ್ಮ ಪೂಜೆಯ ಕಟ್ಟಳೆಯೂ ಹೇಳುತ್ತಿತ್ತು. ಕಟ್ಟಳೆ ಮಾಡಿದವರಿಗೆ ಪಿಎಚ್ ಗೊತ್ತಿರಲಿಲ್ಲ. ಪಿಎಚ್ ಗೊತ್ತಿರುವ ನಾವು ಕಟ್ಟಳೆಯನ್ನು ಬಿಟ್ಟೆವು. ಹೀಗೆ ಎರಡೂ ಕಡೆ ಲೆಕ್ಕ ಸರಿಹೋಯಿತು.

ಈಗಲೂ ತಮ್ಮ ದಾನವನ್ನು ತಿರುಗಿಸಿ ಕೊಡಲಾಗದವರು ಕೆಲವರಿದ್ದಾರೆ. ಆರೋಗ್ಯವಂತರ ಯಕೃತ್ತು ಹೆಚ್ಚಾದ ತಾಮ್ರವನ್ನು ಪಿತ್ತರಸದ ದಾರಿಯಲ್ಲಿ ಹೊರಗೆ ಕಳಿಸುತ್ತದೆ. ಆ ದಾರಿ ಹುಟ್ಟಿನಿಂದಲೇ ಮುಚ್ಚಿರುವ ಕಾಯಿಲೆಯನ್ನು ಲಂಡನ್ನಿನ ಕಿನ್ನಿಯರ್ ವಿಲ್ಸನ್ 1912ರಲ್ಲಿ ವಿವರಿಸಿದರು. ತಾಮ್ರ ಯಕೃತ್ತಿನಲ್ಲಿ, ಮಿದುಳಿನಲ್ಲಿ ಕೂಡುತ್ತ ಹೋಗುತ್ತದೆ; ಕೈ ನಡುಗುತ್ತದೆ, ಮಾತು ತೊದಲುತ್ತದೆ, ಕಣ್ಣಿನ ಕರಿಗುಡ್ಡೆಯ ಸುತ್ತ ಕಂದು ಹಸಿರು ಬಳೆ ಮೂಡುತ್ತದೆ. ನಮ್ಮ ನಿಮ್ಹಾನ್ಸ್ ವೈದ್ಯರು ಮೂರು ದಶಕದಲ್ಲಿ ಕಂಡ ಇಂಥ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಈ ರೋಗಿಗಳಿಗೆ ತಾಮ್ರದ ಪಾತ್ರೆ ಬೇಡವೆಂದು ವೈದ್ಯರು ಹೇಳುತ್ತಾರೆ. ರೋಗ ಗುರುತಾಗುವ ಮುಂಚೆ ಅವರೂ ಎಲ್ಲರಂತೆ ಕಾಣುತ್ತಾರೆ, ಎಲ್ಲರಂತೆ ಉಡುಗೊರೆ ಪಡೆಯುತ್ತಾರೆ. ಗೃಹಪ್ರವೇಶದ ಉಡುಗೊರೆಯ ಮೇಲೆ ವೈದ್ಯರ ಈ ಮಾತು ಅಚ್ಚು ಹಾಕಿದರೆ ಹೊಳಪು ಕೆಡುತ್ತದೆ ಎಂದು ಯಾರೂ ಹಾಕಿಲ್ಲ.

ಆಯುರ್ವೇದದ ಹೆಸರನ್ನು ತಮ್ಮ ಮೈಮೇಲೆ ಅಚ್ಚು ಹಾಕಿಸಿರುವುದು ಮಾತ್ರ ನಮಗೆ ಹಿಡಿಸಿತು. ರಸಶಾಸ್ತ್ರವು ಅಶುದ್ಧ ತಾಮ್ರಕ್ಕೆ ವಾಂತಿ, ಭ್ರಮೆ, ಮೂರ್ಛೆ, ಉರಿ ಮುಂತಾಗಿ ಎಂಟು ಮಹಾದೋಷ ಎಣಿಸಿ, ಔಷಧಿಗೆ ಬಳಸುವ ಮುನ್ನ ಹಲವು ಬಗೆಯಲ್ಲಿ ಶೋಧಿಸಬೇಕೆಂದು ವಿಧಿಸಿದೆ. ಆದರೆ ಅಷ್ಟು ದೂರ ಓದಬೇಕೆಂದು ಚೀಟಿಯಲ್ಲಿ ಎಲ್ಲೂ ಬರೆದಿಲ್ಲ.

ತಮ್ಮ ಟೀಕಾಕಾರರಿಗೆ ಕೊನೆಯದೊಂದು ಮಾತು. ನೀರಿನಲ್ಲಿ ತಾಮ್ರ ಲೀಟರಿಗೆ 1 ಮಿಲಿಗ್ರಾಂ ದಾಟಿದರೆ ಬಟ್ಟೆ, ಸಿಂಕು ಕಲೆಯಾಗಬಹುದು. ಎರಡೂವರೆ ದಾಟಿದರೆ ನಾಲಿಗೆಗೆ ಕಹಿ ತಿಳಿಯುತ್ತದೆ. ಅಂದರೆ ಮಿತಿ ಮೀರಿದಾಗ ತಾವು ಬಣ್ಣದಿಂದಲೂ ರುಚಿಯಿಂದಲೂ ಪ್ರಾಮಾಣಿಕವಾಗಿ ಸಾರಿಬಿಡುತ್ತೀರಿ. ಸೀಸ, ಆರ್ಸೆನಿಕ್‌ಗಳಿಗೆ ಈ ಪ್ರಾಮಾಣಿಕತೆ ಇಲ್ಲ. ಆ ಕಹಿಯನ್ನು ಔಷಧೀಯ ಗುಣವೆಂದು ಮೆಚ್ಚಿ ಇನ್ನೊಂದು ಗುಟುಕು ಏರಿಸುವವರು ನಾವು. ಅನುಮಾನವೇ ಇದ್ದವರು ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಒಂದು ಬಾಟಲಿ ನೀರು ಒಯ್ದು ತಾಮ್ರ, ಪಿಎಚ್ ಎರಡನ್ನೂ ಅಳೆಸಬಹುದು. ಭಕ್ತಿಗೆ ಅಳತೆಗೋಲು ಹಿಡಿಯುವುದು ನಮ್ಮ ಸಂಸ್ಕೃತಿಯಲ್ಲವಾದ್ದರಿಂದ ಸಮಿತಿಯ ಯಾರೂ ಇದುವರೆಗೆ ಒಯ್ದಿಲ್ಲ.

ಇನ್ನು ತಮ್ಮ ಪ್ರತಿಸ್ಪರ್ಧಿ ಸ್ಟೀಲಿನ ತಂಬಿಗೆಯ ವಿಚಾರ. ಅದರಂಥ ಜುಗ್ಗ ಪಾತ್ರೆ ಇನ್ನೊಂದಿಲ್ಲ. ರಾತ್ರಿ ಸುರಿದ ನೀರನ್ನು ಬೆಳಗ್ಗೆ ಹಾಗೆಯೇ ಹಿಂದಿರುಗಿಸುತ್ತದೆ. ನಿಂಬೆ ಹಿಂಡಿದರೂ ಕರಗದ ಕಲ್ಲೆದೆ. ವೇದಿಕೆ ಹತ್ತಿಸಿದರೆ ಅದರ ಬಗ್ಗೆ ಎರಡು ಮಾತು ಆಡಲೂ ಸಿಗುವುದಿಲ್ಲ. ಆದರೂ ಸಮಿತಿಯ ಸಭೆಯಲ್ಲಿ ಮನೆಯ ಹೆಂಗಸರು ಬಹುಮತದಿಂದ ಈ ಠರಾವು ಪಾಸು ಮಾಡಿದ್ದಾರೆ, ಅದನ್ನು ಇಲ್ಲಿ ಯಥಾವತ್ತಾಗಿ ಕೊಟ್ಟಿದ್ದೇವೆ: ತಾಮ್ರದ ಪಾತ್ರೆಗೆ ಬರಿಯ ನೀರು, ಅದೂ ಒಂದು ರಾತ್ರಿಯ ಮಟ್ಟಿಗೆ, ದಿನಾ ಒಳಗೆ ಕೈ ಹಾಕಿ ತಿಕ್ಕಿ ತೊಳೆಯಬೇಕು, ಕೈ ಹೋಗದ ಬಾಟಲಿ ಷೋಕೇಸಿಗೆ, ಆರ್‌ಓ ನೀರು, ಬಿಸಿನೀರು, ನಿಂಬೆಪಾನಕ, ಮಜ್ಜಿಗೆ, ಹಣ್ಣಿನ ರಸ ಅದಕ್ಕೆ ಬೇಡ, ಮಗುವಿನ ಹಾಲನ್ನಂತೂ ಅದರ ಹತ್ತಿರ ಸುಳಿಯಬಿಡಬಾರದು, ಮನೆಯಲ್ಲಿ ಯಕೃತ್ತಿನ ಕಾಯಿಲೆಯವರಿದ್ದರೆ ಮೊದಲು ವೈದ್ಯರನ್ನು ಕೇಳಬೇಕು. ಉಳಿದ ಎಲ್ಲಕ್ಕೂ ಆ ಜುಗ್ಗ ಸ್ಟೀಲಿನ ತಂಬಿಗೆಯೇ ಸಾಕು.